ಎಳ್ಳುಬೆಲ್ಲದ ಡಬ್ಬ

ಕೋಳಿಗಳೆಂದರೆ ನನಗೆ ಆಗುತ್ತಿರಲಿಲ್ಲ. ಗುಡಿಸಿದಷ್ಟೂ ಕೆದಕಿ ಹಾಕುವ, ಒಗೆದು ಹರವಿದ ಬಟ್ಟೆಯ ಮೇಲೇ ನಡೆದು ಹೋಗುವ ಆ ಜಾತಿಯನ್ನು ನಾನು ಬೈಯದ ದಿನವಿಲ್ಲ. ಅವು ನನ್ನ ತಂಗಿಯವು. ತಾಯಲೂರಿನ ಹತ್ತಿರದ ನಮ್ಮ ಊರಿನಲ್ಲಿ, ಹಿತ್ತಲ ಹುಣಸೆ ಮರದ ಕೆಳಗೆ ಒಂದು ಹುಂಜ, ಒಂದಷ್ಟು ಹೇಂಟೆಗಳು, ಅವುಗಳ ಹಿಂದೆ ಸದಾ ಅವಳು. ಮನೆಯಲ್ಲಿ ಇದ್ದವರು ಅಮ್ಮ, ನಾನು, ಅವಳು. ನಾನು ಬೆಳಗ್ಗೆ ಬಸ್ಸು ಹತ್ತಿ ಮುಳಬಾಗಿಲಿನ ಟೈಲರ್ ಅಂಗಡಿಗೆ ಹೋದರೆ ತಿರುಗಿ ಬರುವುದು ಸಂಜೆಗೇ.

ಅಡುಗೆಮನೆಯಲ್ಲಿ ಮಿಕ್ಕಿದ್ದೆಲ್ಲ ಕೋಳಿಗಳಿಗೆ. ಆದರೆ ಸುಮ್ಮನೆ ಎಸೆಯುವ ಹಾಗಿರಲಿಲ್ಲ, ಅವಳ ಕಾಯಿದೆಯೇ ಬೇರೆ. ತಂಗಳು ಮುದ್ದೆಯನ್ನು ಪುಡಿ ಮಾಡಿ ತೌಡು ಬೆರೆಸಬೇಕು. ಸಾರು ತಾಗಿದ ಅನ್ನವನ್ನು ತೊಳೆದು ಉಪ್ಪು ಖಾರ ಬಿಡಿಸಬೇಕು. ಉಪ್ಪಿನಕಾಯಿ, ಈರುಳ್ಳಿ ಸಿಪ್ಪೆ ಕೂಡದು. ಅವರೆಕಾಳು ಬೆಂದಿದ್ದರೆ ಸರಿ, ಹಸಿಯದು ಬೇಡವೇ ಬೇಡ. ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮೆಟೊ ಬೆಲೆ ಬಿದ್ದಾಗ ಅಕ್ಕಪಕ್ಕದವರು ತಂದು ನಮ್ಮ ಹಿತ್ತಲಲ್ಲಿ ಸುರಿದು ಹೋಗುತ್ತಿದ್ದರು. ಇವಳು ಕುಕ್ಕರಗಾಲಲ್ಲಿ ಕೂತು ಹಣ್ಣು ಬೇರೆ, ಕಾಯಿ ಸೊಪ್ಪು ಬೇರೆ ಮಾಡುತ್ತಿದ್ದಳು.

"ಬೀಗರ ಊಟ ರೆಡಿ ಆಯ್ತೇನಮ್ಮಾ?" ಎಂದು ನಾನು ರೇಗಿಸುತ್ತಿದ್ದೆ.

"ನಗು ಅಕ್ಕ, ನಗು. ಬೂಷ್ಟು ಹಿಡಿದಿದ್ದು, ಹಳಸಿದ್ದು ಹಾಕಿದ್ರೆ ಅವಕ್ಕೆ ಹೇಳಕ್ಕೆ ಬಾಯಿದ್ಯಾ? ಮೊದ್ಲು ನಾವು ತಿಂದು ನೋಡ್ಬೇಕು, ಆಮೇಲೆ ಹಾಕ್ಬೇಕು."

ಹೇಳುವುದಷ್ಟೇ ಅಲ್ಲ, ಹಾಗೇ ಮಾಡುತ್ತಿದ್ದಳು. ತೌಡನ್ನು ಕೂಡ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಮ್ಮ ನೋಡಿ ನೋಡಿ ಅದನ್ನೇ ಕಲಿತಳು. ನಾನು ಮಾತ್ರ ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದೆ.

ಆ ವರ್ಷದ ಸಂಕ್ರಾಂತಿಗೂ ಎಳ್ಳುಬೆಲ್ಲ ಮಾಡಿದವಳು ಅವಳೇ. ಕೊಬ್ಬರಿ, ಬೆಲ್ಲ ಎಲ್ಲವನ್ನೂ ಒಂದೇ ಅಳತೆಗೆ ಹೆಚ್ಚುವ ತಾಳ್ಮೆ ನನಗಿಲ್ಲ. ಬೀದಿಗೆಲ್ಲ ಬೀರಿದ ಮೇಲೂ ಡಬ್ಬದ ತುಂಬ ಮಿಕ್ಕಿತು. ಶಿವರಾತ್ರಿಗೆ ಮುಂಚೆ ಅವಳಿಗೆ ಜ್ವರ ಬಂತು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಹೋಗುವಾಗ ಆಟೋದಲ್ಲಿ ಕೂತು, ಹೇಂಟೆಯನ್ನು ಕಾವಿಗೆ ಯಾವಾಗ ಕೂರಿಸಬೇಕೆಂದು ಅಮ್ಮನಿಗೆ ಹೇಳುತ್ತಿದ್ದಳು. ಬರುವಾಗ ಅವಳು ಏನೂ ಹೇಳಲಿಲ್ಲ. ನನಗಿಂತ ಚಿಕ್ಕವಳನ್ನು ಮಣ್ಣಿಗಿಟ್ಟು ಬಂದೆ. ಆ ಸಂಕಟವನ್ನು ಇವತ್ತಿಗೂ ಹೇಗೆ ಹೇಳಬೇಕೋ ನನಗೆ ತಿಳಿಯದು.

ಅಮ್ಮ ಮಲಗಿದವಳು ಏಳಲಿಲ್ಲ. ಊಟ ಇಟ್ಟರೆ ತಟ್ಟೆ ಹಾಗೇ ಇರುತ್ತಿತ್ತು. ಒಂದು ಬೆಳಗ್ಗೆ ಕೋಳಿಗಳೆಲ್ಲ ಹೊಸಿಲು ದಾಟಿ ನಡುಮನೆಗೇ ನುಗ್ಗಿ ಗಲಾಟೆ ಎಬ್ಬಿಸಿದವು. ಅಮ್ಮ ಎದ್ದು ಕೂತಳು, ಮುದ್ದೆ ಪುಡಿ ಮಾಡಿದಳು, ಒಂದು ಚೂರು ಬಾಯಿಗೆ ಹಾಕಿಕೊಂಡಳು, ಹಿತ್ತಲಿಗೆ ಹೋದಳು. ಅವಳ ತವರು ರಾಯಲ್ಪಾಡು ಕಡೆ, ಮುದ್ದು ಬಂದರೆ ತೆಲುಗೇ, ಬಾರೇ ಅನ್ನುವುದಕ್ಕೂ ರಾವೇ. "ರಾವೇ, ರಾವೇ" ಎಂದು ಅವಳು ಕೋಳಿಗಳನ್ನು ಕರೆಯುವುದು ಕೇಳಿ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅಂದಿನಿಂದ ಅಂಗಡಿಯಿಂದ ಬರುವಾಗ ನಾನೇ ನುಚ್ಚು ತರತೊಡಗಿದೆ. ಅವು ಇದ್ದರೆ ಅಮ್ಮ ಏಳುತ್ತಾಳೆ, ನನಗೆ ಬೇಕಾಗಿದ್ದುದು ಅಷ್ಟೇ.

ಡಬ್ಬ ದೇವರ ಗೂಡಿನ ಪಕ್ಕದಲ್ಲೇ ಇತ್ತು. ನಾವು ತಿನ್ನಲಾರೆವು, ಹಬ್ಬದ ಎಳ್ಳನ್ನು ತಿಪ್ಪೆಗೆ ಚೆಲ್ಲುವಂತೆಯೂ ಇಲ್ಲ. ಮಳೆಗಾಲ ಬಂತು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಒಂದು ಸಂಜೆ ಬಂದು ನೋಡಿದರೆ ಕೋಳಿಗಳು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಿದ್ದವು. "ಕೊಕ್ಕರೆ ರೋಗ ಇರ್ಬೇಕು ಕಣೇ" ಎಂದಳು ಅಮ್ಮ. ಅರಿಶಿನದ ನೀರು ಕುಡಿಸಿದೆವು, ಊರಿನವರು ಹೇಳಿದ್ದೆಲ್ಲ ಮಾಡಿದೆವು. ಒಂದರ ಹಿಂದೆ ಒಂದು ಹೋದವು. ಕೊನೆಗೆ ಹುಂಜವೂ ಹೋಯಿತು. ನಾನೇ ಹುಣಸೆ ಮರದ ಕೆಳಗೆ ಗುಂಡಿ ತೋಡಿದೆ. ಮಣ್ಣು ಎಳೆಯುವಾಗ ಕೈಗೆ ಕೊಬ್ಬರಿಯ ತುಂಡೊಂದು ಸಿಕ್ಕಿತು. ಒಂದೇ ಅಳತೆಗೆ ಹೆಚ್ಚಿದ ತುಂಡು, ಮೇಲೆಲ್ಲ ಹಸಿರು ಬೂಷ್ಟು. ಪಕ್ಕದಲ್ಲಿ ಕಪ್ಪಗಾದ ಕಡಲೆಬೀಜ.

ಒಳಗೆ ಹೋಗಿ ಡಬ್ಬ ತೆಗೆದೆ. ಖಾಲಿ. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು.

"ಬುದ್ಧಿ ಇದ್ಯಾ ನಿಂಗೆ? ಬೂಷ್ಟು ಹಾಕ್ಬೇಡ ಅಂತ ಅವಳು ಬಾಯಿ ಬಡ್ಕೊಂಡಿರ್ಲಿಲ್ವಾ?" ಎಂದು ಕೂಗಾಡಿದೆ. ಅಮ್ಮ ಡಬ್ಬವನ್ನೇ ನೋಡುತ್ತಾ ನಿಂತಿದ್ದಳು. ಅವಳ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಉಳಿದದ್ದು ಒಂದೇ ಹೇಂಟೆ. ಒಳಗೆ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದರಿಂದ ಅದಕ್ಕೆ ನಾನೇ ಬೇರೆ ನುಚ್ಚು ಇಡುತ್ತಿದ್ದೆ. ಮರುದಿನ ಅದು ಹಸಿದು ಕೂಗತೊಡಗಿತು. ಮುದ್ದೆ ಪುಡಿ ಮಾಡಿ ಅಮ್ಮನ ಮುಂದೆ ಹಿಡಿದೆ.

"ನೀನೇ ಹಾಕು. ನನ್ನ ಕೈಯಿಂದ ಬೇಡ."

ಅವಳು ಮತ್ತೆ ಮಲಗಿಬಿಡುತ್ತಾಳೆಂದು ನನಗೆ ಭಯವಾಯಿತು. ತಂಗಿ ಹೇಳಿದ ಹಾಗೆ, ಮೊದಲ ಸಲ, ನಾನೇ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಆಮೇಲೆ ಬಗ್ಗಿ ಹೇಂಟೆಯ ಮುಂದೆ ಸುರಿದೆ. ಹಿಂದಿನಿಂದ ಅಮ್ಮ ಮೆಲ್ಲಗೆ ಅಂದಳು:

"ನಾನೂ ತಿಂದು ನೋಡೇ ಹಾಕಿದ್ದು ಕಣೇ. ದಿನಾ ಒಂದು ಹಿಡಿ ತಿಂತಿದ್ದೆ. ಅವಳ ಕೈದಲ್ವಾ, ಸಿಹಿಯಾಗೇ ಇತ್ತು. ನಂಗ್ಯಾಕೆ ಏನೂ ಆಗ್ಲಿಲ್ಲ?"