ಇಂಜೆಕ್ಷನ್ ನಂತರದ ಅರ್ಧ ಗಂಟೆ

ಎಂಬತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ಅಲರ್ಜಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಕಾವೂರಿನಿಂದ ನನ್ನದೇ ವಯಸ್ಸಿನ ಶೆಟ್ಟರೊಬ್ಬರು ಪ್ರತಿ ಶನಿವಾರ ಇಂಜೆಕ್ಷನ್‌ಗೆ ಬರುತ್ತಿದ್ದರು. ಮಳೆ ಕಡಿಮೆಯಾಗಿ ಹುಲ್ಲು ಹೂ ಬಿಟ್ಟರೆ ಸಾಕು, ಸೀನಿ ಸೀನಿ ಅವರ ಕಣ್ಣು ಕೆಂಪಾಗುತ್ತಿತ್ತು.

"ಈ ಹುಲ್ಲಿಗೆ ನನ್ನ ಮೇಲೆ ಎಂತ ಸಿಟ್ಟು ಸಿಸ್ಟರ್?" ಎಂದು ಒಮ್ಮೆ ಕೇಳಿದರು.

"ಸಿಟ್ಟು ಹುಲ್ಲಿಗಲ್ಲ, ನಿಮ್ಮ ದೇಹಕ್ಕೆ. ಪರಾಗದ ಪ್ರೋಟೀನನ್ನು ಅದು ಒಮ್ಮೆ ಶತ್ರು ಅಂತ ಗುರುತು ಹಿಡಿದರೆ ಮತ್ತೆ ಸುಲಭಕ್ಕೆ ಮರೆಯುವುದಿಲ್ಲ. ಅದನ್ನೇ ಸ್ವಲ್ಪ ಸ್ವಲ್ಪ ಚುಚ್ಚುತ್ತಾ ಹೋದರೆ ಒಗ್ಗಿಕೊಂಡು ಸುಮ್ಮನಾಗ್ತದೆ" ಎಂದೆ.

ಚುಚ್ಚಿದ ಮೇಲೆ ಹೆಚ್ಚುಕಡಿಮೆ ಆದೀತೆಂದು ರೋಗಿಯನ್ನು ಅರ್ಧ ಗಂಟೆ ಬೆಂಚಿನಲ್ಲಿ ಕೂರಿಸಬೇಕೆಂಬುದು ಡಾಕ್ಟರ ನಿಯಮ. ಶೆಟ್ಟರ ಮನೆಯಲ್ಲಿ ತುಳು, ನಮ್ಮ ಮನೆಯಲ್ಲಿ ಕೊಂಕಣಿ. ಆ ಅರ್ಧ ಗಂಟೆ ಮಾತ್ರ ನಾವು ಕನ್ನಡದಲ್ಲಿ ಮಾತಾಡುತ್ತಿದ್ದೆವು, ಅವರ ಹೋಟೆಲಿನ ಬನ್ಸ್‌ನಿಂದ ಹಿಡಿದು ನನ್ನ ತಂಗಿಯ ಮದುವೆಯವರೆಗೆ.

ಮೂರನೇ ವರ್ಷ ಕೋರ್ಸು ಮುಗಿಯಿತು. ಮರುವಾರವೇ ಶೆಟ್ಟರು ಬಾಗಿಲಲ್ಲಿ ನಿಂತಿದ್ದರು.

"ಪುನಃ ಶುರುವಾಗಿದೆ ಸಿಸ್ಟರ್" ಎಂದು ಗಟ್ಟಿಯಾಗಿ ಸೀನಿದರು.

ಕಣ್ಣು ನೋಡಿದೆ. ಕೆಂಪೂ ಇಲ್ಲ, ನೀರೂ ಇಲ್ಲ.

"ಇದು ಸುಳ್ಳು ಸೀನು ಮಾರಾಯ್ರೆ. ನಿಮಗೆ ಗುಣ ಆಗಿದೆ."

ಅವರು ನಕ್ಕರು. "ಹಾಗಾದ್ರೆ ಇನ್ನು ಬೆಂಚಿನಲ್ಲಿ ಕೂತುಕೊಳ್ಳಲಿಕ್ಕೆ ಇಲ್ವಾ?"

ಒಳಗಿಂದ ಡಾಕ್ಟರು ಬೆಲ್ ಒತ್ತಿದರು. ನಾನು ಗಡಿಬಿಡಿಯಲ್ಲಿ, "ಅದು ಇಂಜೆಕ್ಷನ್ ತಕ್ಕೊಂಡವರಿಗೆ ಮಾತ್ರ" ಎಂದುಬಿಟ್ಟೆ. ಅವರು ತಲೆಯಾಡಿಸಿ ಹೋದರು. ಮತ್ತೆ ಬರಲಿಲ್ಲ.

ಆ ಕೆಲಸ ಬಿಡುವವರೆಗೂ ಶನಿವಾರ ಯಾರು ಸೀನಿದರೂ ನಾನು ಮೊದಲು ಬಾಗಿಲ ಕಡೆ ನೋಡುತ್ತಿದ್ದೆ. ಸ್ವಲ್ಪ ಸ್ವಲ್ಪ ಕೊಟ್ಟರೆ ಒಗ್ಗಿಹೋಗುತ್ತದೆ ಎಂಬ ಚಿಕಿತ್ಸೆ ಬರೀ ಹುಲ್ಲಿಗಿರಬೇಕು. ವಾರಕ್ಕೆ ಅರ್ಧ ಗಂಟೆಯಂತೆ ಅಷ್ಟು ವರ್ಷ ಕೊಟ್ಟರೂ ನನ್ನ ಮನಸ್ಸು ಒಗ್ಗಿಕೊಂಡು ಸುಮ್ಮನಾಗಲಿಲ್ಲ.