ಮಾದೇವಸ್ವಾಮಿ ಸರ್ ಮತ್ತು ಮಂಕಣ್ಣ

ಮಾದೇವಸ್ವಾಮಿ ಸರ್ ಅವರ ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಅನ್ನ-ಸಾರು, ಕೆಳಗಿನದರಲ್ಲಿ ಆಡಿನ ಹಿಕ್ಕೆ. ಉಡಿಗಾಲದಿಂದ ಚಾಮರಾಜನಗರದ ನಮ್ಮ ಕಾಲೇಜಿಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದರು. ಒಮ್ಮೆ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನ್ ಸಾರ್ ಇದು ವಾಸ್ನೆ?" ಎಂದನಂತೆ. "ನಮ್ ಉಡುಗ್ರ ಊಟ ಕಣಪ್ಪ" ಎಂದರಂತೆ ಇವರು. ಆಮೇಲೆ ಅವರ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು.

ಹುಡುಗರೆಂದರೆ ಮಣ್ಣಿನ ಬ್ಯಾಕ್ಟೀರಿಯಾ. ನಾನು ಹಂಗಳದವಳು, ಅವರ ಲ್ಯಾಬಿನಲ್ಲಿ ಸಹಾಯಕಿ; ಮೊದಮೊದಲು ನನಗೂ ವಾಕರಿಕೆ ಬರುತ್ತಿತ್ತು. ಆದರೆ ಅವು ಮಾಡುವ ಕೆಲಸ ನೋಡಬೇಕು! ಹೊಟ್ಟೆ ತುಂಬಿದ್ದಾಗ ಲ್ಯಾಬಿನ ಗಾಜಿನ ತಟ್ಟೆಯ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತವೆ. ಉಪವಾಸ ಬಿದ್ದರೆ ಒಂದಕ್ಕೊಂದು ಸುಳಿವು ಕೊಟ್ಟು, ಸಾವಿರಾರು ಸೇರಿ, ಸಾಸಿವೆಗಿಂತ ಸಣ್ಣ ಗುಡ್ಡೆ ಕಟ್ಟುತ್ತವೆ. ಬಹುಪಾಲು ಸಾಯುತ್ತವೆ, ಉಳಿದವು ಗಟ್ಟಿ ಬೀಜದಂತಾಗಿ ಒಳ್ಳೆಯ ಕಾಲಕ್ಕೆ ಕಾಯುತ್ತವೆ. ಇದನ್ನೆಲ್ಲ ನಡೆಸುವುದು ಜೀನುಗಳು.

ಅವರ ಹೊಲದ ಬದುವಿನಲ್ಲಿ ಸಿಕ್ಕ ಒಂದು ತಳಿ ಮಾತ್ರ ಎಷ್ಟು ಉಪವಾಸ ಕೆಡವಿದರೂ ಕೂಡುತ್ತಿರಲಿಲ್ಲ. ಅದಕ್ಕೆ ಮಂಕಣ್ಣ ಎಂದು ಹೆಸರಿಟ್ಟಿದ್ದರು. ಬೀಜವಾಗದ ಅದನ್ನು ಹೊಸ ಹೊಸ ತಟ್ಟೆಗೆ ಹಚ್ಚಿ, ತಪ್ಪದೆ ಊಟ ಹಾಕಿ ಬದುಕಿಸಬೇಕು. ವರ್ಷಗಟ್ಟಲೆ ಹೆಪ್ಪುಗಟ್ಟಿಸಿಡುವ ಫ್ರೀಜರ್ ನಮಗೆಲ್ಲಿಯದು? ಇದ್ದದ್ದು ಸಾದಾ ಫ್ರಿಜ್ಜು.

"ಇವನ್ಗೆ ಒಂದ್ ಜೀನ್ ಕೆಟ್ಟೋಗದೆ ಕಣಮ್ಮಿ. ಯಾವ್ದು ಅಂತಾನೂ ಕಂಡಿಡ್ದಿವ್ನಿ. ಒಳ್ಳೇದ್ನ ತಿರ್ಗ ಆಕ್ಬುಟ್ರೆ ತಾನಾಗೇ ಕೂಡ್ತಾನೆ. ಅದೊಂದ್ನ ಕಣ್ಣಾರೆ ನೋಡ್ಬುಟ್ರೆ ನಂಗಷ್ಟೇ ಸಾಕು" ಎನ್ನುತ್ತಿದ್ದರು. ಆ ಜೀನನ್ನು ತಯಾರಿಸಿಕೊಡಲು ಮೈಸೂರಿನ ಗೆಳೆಯರೊಬ್ಬರು ಒಪ್ಪಿದ್ದರು.

ಅಷ್ಟರಲ್ಲಿ ಸರ್ ಅವರ ಲಿವರ್ ಕೈಕೊಟ್ಟಿತು. ಮೈಸೂರಿನ ಆಸ್ಪತ್ರೆ ಸೇರಿದರು. ಮಂಕಣ್ಣ ನನ್ನ ಪಾಲಿಗೆ ಬಂದ. ಏಪ್ರಿಲ್‌ನಲ್ಲಿ ನಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಶೀಟಿನ ಛಾವಣಿಯ ಕೋಣೆ ಕಾದ ಹೆಂಚಾಯಿತು. ಒದ್ದೆ ಗೋಣಿಚೀಲ ಹೊದಿಸಿದೆ, ಜ್ಯೂಸ್ ಅಂಗಡಿಯಿಂದ ಐಸ್ ತಂದೆ, ಲೈನ್‌ಮನ್‌ಗೆ ಫೋನ್ ಮಾಡಿ ಮಾಡಿ ಸೋತೆ. ಊರಿಗೆ ಒಯ್ಯೋಣವೆಂದರೆ ಬಸ್ಸಿನ ಸೆಕೆ ಇನ್ನೂ ಹೆಚ್ಚು. ಏನು ಮಾಡಲಿ ಹೇಳಿ! ಉಳಿದವು ಬೀಜವಾಗಿ ಬದುಕಿಕೊಂಡವು. ಮಂಕಣ್ಣನನ್ನು ಎಷ್ಟು ಸಲ ಹೊಸ ತಟ್ಟೆಗೆ ಹಚ್ಚಿದರೂ ಏನೂ ಬೆಳೆಯಲಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ.

ಹೇಳಲೆಂದೇ ಆಸ್ಪತ್ರೆಗೆ ಹೋದೆ. ಸರ್ ಮುಖ ಅರಳಿತು. ಹಾಸಿಗೆಯ ಪಕ್ಕದ ಐಸ್ ಡಬ್ಬಿಯಿಂದ ಬೆರಳುದ್ದದ ಟ್ಯೂಬೊಂದನ್ನು ತೆಗೆಸಿ ನನ್ನ ಕೈಗಿಟ್ಟರು.

"ಜೀನ್ ಬಂದ್ಬುಡ್ತು ಕಣಮ್ಮಿ! ಉಸಾರಾಗಿ ತಕಂಡೋಗು. ಮಂಕಣ್ಣ ಎಂಗವ್ನೆ?"

ಬಾಗಿಲಲ್ಲೇ ನನ್ನಿಂದ ಸುದ್ದಿ ಕೇಳಿದ್ದ ಅವರ ಹೆಂಡತಿ, ಸರ್ ಹಿಂದೆ ನಿಂತು, ಹೇಳಬೇಡವೆಂದು ತಲೆಯಾಡಿಸಿದರು.

"ಚೆನ್ನಾಗವ್ನೆ ಸರ್."

"ಕೂಡಿದ್ ದಿವ್ಸ ಫೋಟೊ ಕಳ್ಸು."

ಮತ್ತೆ ಅವರನ್ನು ನೋಡಲಾಗಲಿಲ್ಲ. ಕೊನೆಯ ದಿನಗಳಲ್ಲಿ ಕಣ್ಣುಬಿಟ್ಟಾಗಲೆಲ್ಲ ಫೋಟೊ ಬಂತಾ ಎಂದು ಕೇಳುತ್ತಿದ್ದರಂತೆ. ಟ್ಯೂಬು ಲ್ಯಾಬಿನ ಫ್ರಿಜ್ಜಿನಲ್ಲಿದೆ. ಒಳ್ಳೆಯ ಜೀನ್. ಯಾರಿಗೆ ಹಾಕಲಿ?