ಒಳಗೆ ಯಾರೋ ಇದ್ದಾರೆ

ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ನಾನು ಹೇಳಹೊರಟಿರುವುದು ಅವರು ಹೋದ ಎರಡನೇ ತಿಂಗಳಿನಲ್ಲಿ, ಒಂದು ಶನಿವಾರ ಮಧ್ಯಾಹ್ನ ನಡೆದದ್ದು. ಇದನ್ನು ಮಗಳು ಭವ್ಯಳಿಗೆ ಬಿಟ್ಟರೆ ಹೊರಗಿನ ಯಾರಿಗೂ ಹೇಳಿಲ್ಲ. ಹೇಳಿದರೆ “ದುಃಖದಲ್ಲಿ ಏನೇನೋ ಅನ್ಸುತ್ತೆ, ಬಿಡಿ” ಎನ್ನುತ್ತಾರೆಂದು ಗೊತ್ತು.

ಇವರು ಜಯನಗರದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವರು. ಸುತ್ತಮುತ್ತಲ ಬಡಾವಣೆಗಳಲ್ಲಿ ನೀರು ಯಾವ ದಿನ ಬರುವುದಿಲ್ಲ, ಯಾವ ದೇವಸ್ಥಾನದಲ್ಲಿ ಏನು ಕಾರ್ಯಕ್ರಮ, ಯಾರ ನಾಯಿ ಕಳೆದುಹೋಗಿದೆ, ಯಾರು ತೀರಿಕೊಂಡರು, ಇಂಥವೇ ಅದರ ಸುದ್ದಿಗಳು. ಈಗ ಕಾಗದದ ಪತ್ರಿಕೆ ಕಡಿಮೆಯಾಗಿ ಹೆಚ್ಚಿನದೆಲ್ಲ ವೆಬ್‌ಸೈಟಿನಲ್ಲೇ ಬರುತ್ತದೆ. ನಿಧನ ವಾರ್ತೆಯ ವಿಭಾಗ ಇವರ ಪಾಲಿನದು. ರಾತ್ರಿ ಊಟಕ್ಕೆ ಕೂತಾಗ, “ನಂದು ಬಂದಾಗ ಆ ಮೀಸೆ ಇಲ್ಲದ ಫೋಟೋ ಹಾಕ್ಬೇಡಿ ಅಂತ ಹೇಳೇ” ಎಂದು ತಮಾಷೆ ಮಾಡುತ್ತಿದ್ದರು. ನಾನು ಸಾರಿನ ಸೌಟು ಹಿಡಿದುಕೊಂಡೇ “ಬಿಡ್ತು ಅನ್ನಿ” ಎಂದು ರೇಗುತ್ತಿದ್ದೆ. ಅವರು ನಗುತ್ತಿದ್ದರೇ ಹೊರತು ಅನ್ನುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ಸಲವೂ ಬಾಯಿಬಿಟ್ಟು ‘ಬಿಡ್ತು’ ಅಂದವರಲ್ಲ. ನಾನೇ ಅವರ ಪರವಾಗಿ ಮನಸ್ಸಿನಲ್ಲಿ ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಒಂದು ಗುರುವಾರ ಆಫೀಸಿನಿಂದ ಯಾವುದೋ ಕೆಲಸಕ್ಕೆ ಹೊರಟವರು ಬನಶಂಕರಿ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಕುಸಿದುಬಿದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ಎಂದರು ಡಾಕ್ಟರು. ಅದಕ್ಕೆ ಮುಂಚೆ ಎರಡು ಮೂರು ಸಲ “ಎದೆ ಹಿಡ್ಕೊಂಡ ಹಾಗಾಗುತ್ತೆ ಕಣೇ, ಗ್ಯಾಸು” ಅಂದಿದ್ದರು. ನಾನು ಜೀರಿಗೆ ಕಷಾಯ ಮಾಡಿಕೊಟ್ಟಿದ್ದೆ. ಅವರಿಗೆ ಅದು ಗ್ಯಾಸಲ್ಲವೆಂದು ಗೊತ್ತಿತ್ತೇ, ಗೊತ್ತಿದ್ದೂ ನನ್ನಿಂದ ಮುಚ್ಚಿಟ್ಟರೇ, ಇಲ್ಲ ನಾನೇ ಗಮನಿಸಲಿಲ್ಲವೇ ಎಂಬ ಒಂದೇ ಪ್ರಶ್ನೆ ನನ್ನನ್ನು ತಿನ್ನುತ್ತಿತ್ತು.

ಪತ್ರಿಕೆಯ ಯಜಮಾನರು ತಿಥಿಗೆ ಬಂದಿದ್ದಾಗ, “ಅವರ ಸೀಟು ಖಾಲಿ ಇದೆಯಮ್ಮ. ನೀವು ಪಿಯುಸಿ ಓದಿದ್ದೀರ, ಕನ್ನಡ ಟೈಪಿಂಗ್ ಬರುತ್ತೆ. ಬನ್ನಿ” ಎಂದರು. ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದಕ್ಕಿಂತ ಅದೇ ವಾಸಿ ಅನ್ನಿಸಿತು. ಜರಗನಹಳ್ಳಿಯಿಂದ ಬಸ್ಸು ಹಿಡಿದು ಹೋಗತೊಡಗಿದೆ. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಕುರ್ಚಿಯ ಬೆನ್ನಿಗೆ ಇವರ ಕಂದು ಸ್ವೆಟರ್ ಹಾಗೇ ನೇತಾಡುತ್ತಿತ್ತು. ಡ್ರಾಯರಿನಲ್ಲಿ ಗ್ಯಾಸಿನ ಮಾತ್ರೆಯ ಒಂದು ಪಟ್ಟಿ, ಅದರಲ್ಲಿ ನಾಲ್ಕು ಉಳಿದಿದ್ದವು.

ನನಗೆ ಕೆಲಸ ಕಲಿಸಿದವಳು ಶೈಲಾ ಎಂಬ ಹುಡುಗಿ. ಬಹಳ ವಾಚಾಳಿ, ಒಳ್ಳೆಯವಳು. ವೆಬ್‌ಸೈಟಿಗೆ ಹೋಗುವ ಬರಹಗಳೆಲ್ಲ ಪರದೆಯ ಮೇಲೆ ಒಂದು ದೊಡ್ಡ ಪಟ್ಟಿಯಾಗಿ ಬರುತ್ತವೆ, ಒಂದು ಬರಹಕ್ಕೆ ಒಂದು ಸಾಲು. ಸಾಲಿನ ಮುಂದೆ ಪುಟ್ಟ ಪುಟ್ಟ ಗುರುತುಗಳು.

“ಹಸಿರು ಟಿಕ್ ಇದ್ರೆ ಹೊರಗೆ ಹೋಗಿದೆ, ಜನ ಓದ್ತಿದ್ದಾರೆ ಅಂತ. ಪೆನ್ಸಿಲ್ ಇದ್ರೆ ಇನ್ನೂ ಬರೀತಿದೀವಿ. ಗಡಿಯಾರ ಇದ್ರೆ ಟೈಮ್ ಇಟ್ಟಿದೀವಿ, ಆ ಹೊತ್ತಿಗೆ ತಾನೇ ಹೋಗುತ್ತೆ. ನಾವು ಬದುಕಿದ್ರೂ ಸತ್ರೂ ಹೋಗುತ್ತೆ” ಎಂದವಳು ನಾಲಿಗೆ ಕಚ್ಚಿಕೊಂಡು, “ಸಾರಿ ಆಂಟಿ” ಅಂದಳು.

“ಇರ್ಲಿ ಬಿಡಮ್ಮ. ಈ ಬೀಗ ಏನು?”

“ಅದು ಬಾತ್‌ರೂಮ್ ಬಾಗಿಲ ಥರ. ಒಳಗೆ ಯಾರೋ ಇದ್ದಾರೆ ಅಂತ ಅರ್ಥ. ಅವರು ಹೊರಗೆ ಬರೋವರೆಗೂ ನೀವು ಒಳಗೆ ಹೋಗಕ್ಕಾಗಲ್ಲ.”

ಪಟ್ಟಿಯಲ್ಲಿ ಮಾಮೂಲಾಗಿ ಕಾಣುವುದು ತಲೆಬರಹ ಮತ್ತು ಗುರುತು ಮಾತ್ರ. ಮೇಲೆ ಮೂಲೆಯಲ್ಲಿ ಹಲ್ಲಿನ ಚಕ್ರದಂಥ ಒಂದು ಚಿತ್ರವಿದೆ. ಅದನ್ನು ಒತ್ತಿ, ಬೇಕಾದ ಕಾಲಂಗಳಿಗೆ ಟಿಕ್ ಹಾಕಿದರೆ ಅವೂ ಕಾಣಿಸುತ್ತವೆ: ಬರೆದವರು ಯಾರು, ಯಾವತ್ತು ಶುರು ಮಾಡಿದ್ದು, ಯಾವಾಗ ಹೊರಗೆ ಹೋಗುತ್ತದೆ, ಹೀಗೆ. “ಎಲ್ಲಾನೂ ಹಾಕ್ಕೋಬೇಡಿ, ತಲೆ ತಿರುಗುತ್ತೆ. ಅಗತ್ಯ ಇದ್ದಾಗ ಅಷ್ಟೇ” ಎಂದಿದ್ದಳು ಶೈಲಾ.

ಆ ಶನಿವಾರ ಯಜಮಾನರು ಹೊರಗೆ ಹೋಗಿದ್ದರು. ಶೈಲಾ ಊಟಕ್ಕೆ ಇಳಿದಳು. ನಾನು ಡಬ್ಬಿ ಮುಗಿಸಿ ಒಬ್ಬಳೇ ಕೂತಿದ್ದೆ. ಇವರ ನಿಧನ ವಾರ್ತೆಯನ್ನು ಪತ್ರಿಕೆಯವರು ಹಾಕಿದ್ದರೆಂದು ಗೊತ್ತಿತ್ತು, ಓದುವ ಧೈರ್ಯ ಬಂದಿರಲಿಲ್ಲ. ಅವತ್ತು ಏಕೋ ನೋಡೋಣ ಅನ್ನಿಸಿತು. ಹುಡುಕುವ ಜಾಗದಲ್ಲಿ ಅವರ ಹೆಸರು ಟೈಪ್ ಮಾಡಿದೆ, ರವೀಂದ್ರ. ಮದುವೆಯಾದಾಗಿನಿಂದ ‘ರೀ’ ಎಂದು ಕರೆದವಳು ನಾನು. ಆ ಹೆಸರನ್ನು ನಾನಾಗಿ ಬರೆದದ್ದು ಅದೇ ಮೊದಲಿರಬೇಕು.

ಎರಡು ಸಾಲು ಬಂದವು.

ಮೊದಲನೆಯದಕ್ಕೆ ಹಸಿರು ಟಿಕ್ ಇತ್ತು. ಎರಡನೆಯದೂ ‘ಶ್ರದ್ಧಾಂಜಲಿ – ರವೀಂದ್ರ’ ಎಂದೇ ಇತ್ತು. ಆದರೆ ಅದರ ಮುಂದೆ ಎರಡು ಗುರುತು, ಒಂದು ಗಡಿಯಾರ ಮತ್ತು ಒಂದು ಬೀಗ.

ಯಾರೋ ತಪ್ಪಿ ಎರಡು ಸಲ ಮಾಡಿರಬೇಕೆಂದುಕೊಂಡು ಒತ್ತಿದೆ. ತೆಗೆಯಲಿಲ್ಲ. ಒಳಗೆ ಯಾರಿದ್ದಾರೆಂದು ನೋಡಲು ಚಕ್ರದ ಚಿತ್ರ ಒತ್ತಿ, ‘ಬೀಗ ಹಾಕಿದವರು’ ಎಂಬ ಕಾಲಂಗೆ ಟಿಕ್ ಹಾಕಿದೆ. ರವೀಂದ್ರ ಎಂದು ಬಂತು.

‘ಬರೆದವರು’ ಎಂಬ ಕಾಲಂ ಹಾಕಿದೆ. ಅಲ್ಲೂ ರವೀಂದ್ರ. ತಮ್ಮ ಸಾವಿನ ಸುದ್ದಿಯನ್ನು ತಾವೇ ಬರೆದಿದ್ದರು. ‘ಶುರು ಮಾಡಿದ ದಿನ’ ಹಾಕಿದೆ. ಹಿಂದಿನ ವರ್ಷದ ತಾರೀಕು. ಅಂದರೆ ಅವರು ಹೋಗುವುದಕ್ಕೆ ಹತ್ತು ತಿಂಗಳು ಮೊದಲು.

ಹಾಗಾದರೆ ಗೊತ್ತಿತ್ತು. ಹತ್ತು ತಿಂಗಳು ಎದುರಿಗೆ ಕೂತು ಊಟ ಮಾಡಿದರು, ಭವ್ಯಳ ಪರೀಕ್ಷೆಯ ಮಾತಾಡಿದರು, ನಾನು ಕೊಟ್ಟ ಕಷಾಯ ಕುಡಿದರು, ಎಲ್ಲ ಗೊತ್ತಿದ್ದುಕೊಂಡೇ. ಕೆಳಗಿನ ಜೆರಾಕ್ಸ್ ಯಂತ್ರದ ಸದ್ದೂ ನಿಂತಿತ್ತು. ಗಡಿಯಾರ ಎಂದಿಗೆ ಇಟ್ಟದ್ದೆಂದು ನೋಡಿದೆ. ಬರುವ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ನಾಡಿದ್ದೇ.

ಕೊನೆಯದಾಗಿ, ಬೀಗ ಬಿದ್ದ ಸಮಯದ ಕಾಲಂ. ಅದನ್ನು ಹಾಕಬಾರದಿತ್ತು. ಅದರಲ್ಲಿದ್ದದ್ದು ಆ ಗುರುವಾರದ ತಾರೀಕು. ಬೆಳಿಗ್ಗೆ ಹತ್ತು ಇಪ್ಪತ್ತೆರಡು. ಬಸ್ ನಿಲ್ದಾಣದಲ್ಲಿ ಅವರು ಬಿದ್ದದ್ದು ಹನ್ನೊಂದೂವರೆ ದಾಟಿದ ಮೇಲೆ.

ನೋಡುತ್ತಿದ್ದ ಹಾಗೆ ಪಟ್ಟಿ ತಾನಾಗಿ ಒಮ್ಮೆ ಮಿನುಗಿತು. ಬೀಗದ ಗುರುತು ಮಾಯವಾಯಿತು, ಮತ್ತೆ ಬಂತು. ಯಾರೋ ಒಳಗಿನಿಂದ ಚಿಲಕ ತೆಗೆದು, ಮನಸ್ಸು ಬದಲಿಸಿ, ಮತ್ತೆ ಹಾಕಿಕೊಂಡ ಹಾಗೆ. ಪಟ್ಟಿ ಆಗಾಗ ತನ್ನಷ್ಟಕ್ಕೆ ಹೊಸದಾಗುತ್ತದೆಂದು ಆಮೇಲೆ ತಿಳಿಯಿತು. ಆದರೆ ಆ ಕ್ಷಣದಲ್ಲಿ ನನ್ನ ಬೆನ್ನಿಗೆ ತಾಗಿದ್ದ ಸ್ವೆಟರಿನ ಕಡೆ ತಿರುಗಿ ನೋಡಲು ನನಗೆ ಆಗಲಿಲ್ಲ. “ರೀ…” ಅಂದೆ.

ಶೈಲಾ ಬಂದಾಗ ನಾನು ಹಾಗೇ ಕೂತಿದ್ದೆನಂತೆ. “ಆಂಟಿ, ಯಾಕೆ ಬೆವರ್ತಿದ್ದೀರಾ? ನೀರು ಕುಡೀರಿ” ಎಂದು ಹತ್ತಿರ ಬಂದವಳು ಪರದೆ ನೋಡಿ, “ಅಯ್ಯೋ ದೇವ್ರೇ, ಇದು ಇನ್ನೂ ಇದೆಯಾ!” ಎಂದಳು.

“ನಿಂಗೆ ಗೊತ್ತಿತ್ತಾ?”

“ಆಂಟಿ, ಮೊದ್ಲು ಟಿಪ್ಪಣಿ ಕಾಲಂ ಹಾಕಿ. ಹಾಕಿ ಅಂದ್ರೆ ಹಾಕಿ.”

ಅಂಥದೊಂದು ಕಾಲಂ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಬರೆಯುವವರು ತಮಗಾಗಿ ಗುರುತು ಹಾಕಿಕೊಳ್ಳುವ ಜಾಗ ಅದು, ಹೊರಗಿನವರಿಗೆ ಕಾಣುವುದಿಲ್ಲ. ಪರದೆಯಲ್ಲಿ ಜಾಗ ಸಾಲದೆ ಬೇರೊಂದು ಕಾಲಂ ತೆಗೆದು ಅದನ್ನು ಹಾಕಿದೆ. ಇವರ ಮಾತು ಅಲ್ಲಿತ್ತು:

“ಸ್ಯಾಂಪಲ್. ಮನೆಯಲ್ಲಿ ಹೇಳಬಾರದು. ಬಿಡ್ತು ಬಿಡ್ತು ಬಿಡ್ತು.”

ಅವರು ಹೋದ ಮೇಲೆ ನಾನು ಸರಿಯಾಗಿ ಅತ್ತದ್ದು ಆಗಲೇ.

ಶೈಲಾ ನನ್ನ ಬೆನ್ನು ಸವರುತ್ತಾ ಹೇಳಿದಳು. ನಿಧನ ವಾರ್ತೆಯ ಪುಟ ಹೊಸದಾಗಿ ಮಾಡಿದಾಗ ಅದು ಹೇಗೆ ಕಾಣುತ್ತದೆಂದು ನೋಡಲು ಒಂದು ಹೆಸರು, ಒಂದು ಫೋಟೋ ಬೇಕಿತ್ತಂತೆ. ಸಾವಿನ ಪುಟಕ್ಕೆ ಯಾರು ಹೆಸರು ಕೊಡುತ್ತಾರೆ? ಯಜಮಾನರೇ ಮುಖ ತಿರುಗಿಸಿದರಂತೆ. “ನಾನಂತೂ, ನಂಗಿನ್ನೂ ಮದುವೆ ಆಗ್ಬೇಕು ಸಾರ್ ಅಂತ ಓಡಿಹೋದೆ. ಅದಕ್ಕೆ ರವಿ ಸಾರ್, ನಂಗೆ ಮದುವೆ ಆಗಿದೆ, ಇನ್ನೇನು ಭಯ, ನಂದೇ ಹಾಕ್ತೀನಿ ಅಂದ್ರು. ಗಡಿಯಾರ ಸರಿಯಾಗಿ ಬರುತ್ತಾ ನೋಡ್ಬೇಕಿತ್ತಲ್ಲ, ಮುಂದಿನ ವರ್ಷ ಇದೇ ದಿನಕ್ಕೆ ಇಡ್ತೀನಿ, ಅಷ್ಟರಲ್ಲಿ ತೆಗೆದುಹಾಕಿದ್ರಾಯ್ತು ಅಂದ್ರು. ನಾವೆಲ್ಲ ಮರೆತೇಬಿಟ್ವಿ.”

“ಸರಿ. ಆ ಗುರುವಾರ ಬೆಳಿಗ್ಗೆ ಯಾಕೆ ತೆಗೆದ್ರು?”

ಶೈಲಾ ಪರದೆಯ ಹತ್ತಿರ ಬಗ್ಗಿದಳು. ತಾರೀಕನ್ನು ಎರಡು ಸಲ ನೋಡಿದಳು. ಆಮೇಲೆ ಮೆಲ್ಲಗೆ, “ಗೊತ್ತಿಲ್ಲ ಆಂಟಿ” ಅಂದಳು.

ಹಾಗೇ ಬಿಟ್ಟರೆ ಸೋಮವಾರ ಎಂಟಕ್ಕೆ ಅದು ಹೊರಗೆ ಹೋಗುತ್ತದೆ. ಓದಿದವರು ಮತ್ತೆ ಫೋನ್ ಮಾಡುತ್ತಾರೆ, ಭವ್ಯಳ ಗೆಳತಿಯರು ನೋಡುತ್ತಾರೆ. ನಿಲ್ಲಿಸಬೇಕಾದರೆ ಬೀಗ ಒಡೆಯಬೇಕು. ಒಡೆದರೆ, ಅವತ್ತು ಬೆಳಿಗ್ಗೆ ಇವರು ಒಳಗೆ ಏನಾದರೂ ಬರೆದು ಸೇವ್ ಮಾಡದೆ ಬಿಟ್ಟಿದ್ದರೆ ಅದು ಅಳಿಸಿಹೋಗುತ್ತದಂತೆ.

“ಅದನ್ನ ನೋಡಕ್ಕೆ ಆಗಲ್ವಾ?” ಎಂದು ಕೇಳಿದೆ.

“ಅವರ ಲಾಗಿನ್‌ನಲ್ಲಿ ಮಾತ್ರ ಕಾಣ್ತಿತ್ತು. ಅದನ್ನ ಯಜಮಾನ್ರು ಹೋದ ತಿಂಗಳೇ ತೆಗೆಸಿಬಿಟ್ರು. ಏನೂ ಬರೆದೇ ಇಲ್ದಿರ್ಬಹುದು ಆಂಟಿ, ಸುಮ್ನೆ ತೆಗೆದು ಹಾಗೇ ಹೊರಟಿರ್ಬಹುದು.”

“ಬರೆದಿದ್ರೆ?”

“ಒಡೆಯೋ ಪರ್ಮಿಷನ್ ನಂಗಿದೆ. ಆದ್ರೆ ನಾನು ಒತ್ತಲ್ಲ. ನೀವೇ ಒತ್ತಿ” ಎಂದು ತನ್ನ ಲಾಗಿನ್ ಹಾಕಿಕೊಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತಳು.

ಬೀಗದ ಮೇಲೆ ಒತ್ತಿದಾಗ ಪರದೆಯ ಮಧ್ಯೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ರವೀಂದ್ರ ಇನ್ನೂ ಇದನ್ನು ತಿದ್ದುತ್ತಿದ್ದಾರೆ. ಅವರನ್ನು ಹೊರಗೆ ಕಳಿಸಬೇಕೆ?

ಆಸ್ಪತ್ರೆಯಲ್ಲಿ, ಮನೆಯ ಅಂಗಳದಲ್ಲಿ, ಎಲ್ಲ ಕಡೆ ಬೇರೆಯವರೇ ಮುಂದೆ ನಿಂತು ಎಲ್ಲ ಮಾಡಿದ್ದರು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಈ ಯಂತ್ರ ಒಂದೇ ಕೇಳಿತು. ಮನೆಯಲ್ಲಿ ಅವರು ಸ್ನಾನಕ್ಕೆ ಹೋಗಿ ತಡವಾದಾಗ ಬಾಗಿಲು ತಟ್ಟಿ ಹೇಳುತ್ತಿದ್ದ ಹಾಗೆಯೇ, “ರೀ, ಬನ್ನಿ ಸಾಕು” ಎಂದು ಹೇಳಿ ಒತ್ತಿದೆ.

ಬೀಗ ಹೋಯಿತು. ಪುಟ ತೆರೆಯಿತು. ಮೀಸೆ ಇರುವ ಫೋಟೋವನ್ನೇ ಹಾಕಿಕೊಂಡಿದ್ದರು. ಕೆಳಗೆ ಹೀಗಿತ್ತು: “ಮೃತರು ಬೆಂಡೆಕಾಯಿ ಗೊಜ್ಜಿನ ಅಭಿಮಾನಿಯಾಗಿದ್ದರು. ಪತ್ನಿ ಸರೋಜ, ಮಗಳು ಭವ್ಯ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.” ಬಂಧುಬಳಗ ಎಂದರೆ ನಮಗೆ ನನ್ನ ತಮ್ಮ ಒಬ್ಬನೇ. ಅಳುವಿನ ನಡುವೆಯೇ ನಗು ಬಂತು. ಆ ಗುರುವಾರದ್ದು ಎನ್ನಬಹುದಾದ ಒಂದಕ್ಷರವೂ ಅಲ್ಲಿರಲಿಲ್ಲ.

ಗಡಿಯಾರ ತೆಗೆದು ಪೆನ್ಸಿಲ್ ಮಾಡಿದೆ. ಅಳಿಸಲಿಲ್ಲ. ಅದು ಈಗಲೂ ಪಟ್ಟಿಯ ಕೆಳಗೆಲ್ಲೋ ಇದೆ, ಇನ್ನೂ ಬರೆಯುತ್ತಿದ್ದಾರೆ ಎಂಬ ಗುರುತಿನೊಂದಿಗೆ.

ಭವ್ಯಳಿಗೆ ಹೇಳಿದಾಗ ಅವಳು, “ಅಪ್ಪ ಡಿಲೀಟ್ ಮಾಡಕ್ಕೇ ತೆಗೆದಿರ್ತಾರಮ್ಮ, ವರ್ಷ ಆಗ್ತಾ ಬಂದಿತ್ತಲ್ಲ” ಎಂದಳು. ಇರಬಹುದು. ಆದರೆ ಅಳಿಸಲು ಒಂದು ನಿಮಿಷ ಸಾಕು. ಅಷ್ಟೊತ್ತು ತೆರೆದಿಟ್ಟು, ಹಾಗೇ ಎದ್ದು ಬನಶಂಕರಿಗೆ ಏಕೆ ಹೋದರು? ತಮ್ಮ ಫೋಟೋ ನೋಡುತ್ತಾ ಕೂತಿದ್ದಾಗ ಎದೆ ಹಿಡಿದುಕೊಂಡಿತೇ? ಏನಾದರೂ ಬರೆದರೇ? ನಾನು ಒತ್ತಿದ್ದರಿಂದ ಅದು ಹೋಯಿತೇ? ಇಂದಿಗೂ ಗೊತ್ತಿಲ್ಲ. ಇಷ್ಟು ಮಾತ್ರ ಗೊತ್ತು, ಹತ್ತು ತಿಂಗಳು ಅವರು ನನ್ನಿಂದ ಮುಚ್ಚಿಟ್ಟದ್ದು ಕಾಯಿಲೆಯನ್ನಲ್ಲ, ಮೂರು ಸಲ ‘ಬಿಡ್ತು’ ಅಂದದ್ದನ್ನು.

ಈಗ ನನ್ನ ಪರದೆಯಲ್ಲಿ ಟಿಪ್ಪಣಿಯ ಕಾಲಮ್ಮೇ ಮೊದಲನೆಯದು. ಶೈಲಾ ಮದುವೆಯಾಗಿ ಹೋದಳು. ಹೊಸದಾಗಿ ಬಂದವರು, “ಇದು ಯಾಕೆ ಆಂಟಿ, ಖಾಲಿನೇ ಇರುತ್ತಲ್ಲ” ಎನ್ನುತ್ತಾರೆ. ಇರಲಿ ಬಿಡಿ ಎನ್ನುತ್ತೇನೆ. ಸಂಜೆ ಹೊರಡುವ ಮುಂಚೆ ನನ್ನ ಹೆಸರಿನ ಬೀಗ ಎಲ್ಲಾದರೂ ಉಳಿದಿದೆಯೇ ಎಂದು ಪಟ್ಟಿಯ ಕೊನೆಯವರೆಗೂ ನೋಡುತ್ತೇನೆ. ಒಂದಿದ್ದರೂ ಒಳಗೆ ಹೋಗಿ, ಸೇವ್ ಮಾಡಿ, ಹೊರಗೆ ಬಂದೇ ಮನೆಗೆ ಹೊರಡುವುದು. ಅದಕ್ಕಾಗಿ ಎಷ್ಟೋ ಸಲ ಬಸ್ಸು ತಪ್ಪಿದೆ.